ಒಂದು ಹಗಲಿನ ಅತಿಥಿಗಳು

ಗ್ರೀಸ್ ದೇಶದ ಭೂಪಟವನ್ನು ಬಿಡಿಸಿ ನೋಡಿರಿ. ಅದರ ಪೂರ್ವದ ಅಂಚಿನಲ್ಲಿ, ತುರ್ಕಿಯ ಕರಾವಳಿಗೆ ಒತ್ತಿಕೊಂಡಂತೆ, ಒಂದಷ್ಟು ದ್ವೀಪಗಳು ಚೆದರಿ ಬಿದ್ದಿವೆ. ಇವಕ್ಕೆ ದೊಡೆಕನೀಸ್, ಎಂದರೆ ‘ಹನ್ನೆರಡು ದ್ವೀಪಗಳು’ ಎಂದು ಹೆಸರು. ಇವುಗಳಲ್ಲೆಲ್ಲ ದೊಡ್ಡದು ರೋಡ್ಸ್. ರೋಡ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ಸಮುದ್ರ ದಾಟಿದರೆ ಸಿಮಿ ಎಂಬ ಸಣ್ಣ ದ್ವೀಪ ಸಿಗುತ್ತದೆ. ಇದರ ವಿಸ್ತೀರ್ಣ ಸುಮಾರು 58 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 2,590. ವಿಮಾನ ನಿಲ್ದಾಣವಿಲ್ಲ, ಬರುವವರೂ ಹೋಗುವವರೂ ಹಡಗನ್ನೇ ನೆಚ್ಚಬೇಕು.

ಬೇಸಗೆಯ ದಿನಗಳಲ್ಲಿ ಈ ದ್ವೀಪದ ದಿನಚರಿಯನ್ನು ನಿರ್ಣಯಿಸುವುದು ಹಡಗುಗಳೇ. ಹೊತ್ತೇರುತ್ತಿದ್ದಂತೆ ರೋಡ್ಸಿನಿಂದ ಹೊರಟ ವಿಹಾರದ ಹಡಗುಗಳು ಒಂದರ ಹಿಂದೊಂದು ಬಂದು ಯಿಯಾಲೋಸ್ ಎಂಬ ಬಂದರಿನ ಕಟ್ಟೆಗೆ ತಾಗುತ್ತವೆ. ನೂರಾರು ಜನ ಇಳಿಯುತ್ತಾರೆ. ಕಟ್ಟೆಯುದ್ದಕ್ಕೂ ಜಾತ್ರೆಯ ಸಂದಣಿ. ಮೂರು ನಾಲ್ಕು ಗಂಟೆಗಳ ಕಾಲ ತಿರುಗಾಟ, ಊಟ, ಸಣ್ಣಪುಟ್ಟ ಖರೀದಿ. ಇಳಿಹೊತ್ತಿಗೆ ಹಡಗಿನ ಕೂಗು ಕೇಳುತ್ತಲೂ ಬಂದವರೆಲ್ಲ ಮತ್ತೆ ಹಡಗನ್ನೇರುತ್ತಾರೆ. ಸಂಜೆಗೆ ಕಟ್ಟೆ ಬಿಕೋ ಎನ್ನುತ್ತದೆ. ನಮ್ಮಲ್ಲಿ ‘ಬಂದ ಪುಟ್ಟ ಹೋದ ಪುಟ್ಟ’ ಎನ್ನುವುದುಂಟಷ್ಟೆ. ಹಾಗೆ ಬಂದು ಹೋಗುವ ಈ ಜನವನ್ನು ದಿನದ ಪ್ರವಾಸಿಗಳೆನ್ನಬಹುದು.

ಒಂದು ರಾತ್ರಿಯೂ ತಂಗದ ಈ ಅತಿಥಿಗಳಿಂದ ಸಿಮಿಯಂಥ ಊರಿಗೆ ಆಗುವ ಲಾಭವೆಷ್ಟು, ಬೀಳುವ ಹೊರೆಯೆಷ್ಟು? ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿಲ್ಲ. ಮೊದಲು ಆ ಊರಿನ ಹಿಂದಿನ ಕಥೆಯನ್ನು ಸ್ವಲ್ಪ ತಿಳಿಯಬೇಕು.

ಹಡಗು ಬಂದರಿನೊಳಕ್ಕೆ ತಿರುಗುತ್ತಲೇ ಕಣ್ಣಿಗೆ ಬೀಳುವುದು ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತ ಮನೆಗಳ ಸಾಲು. ಕಾವಿ, ತಿಳಿಹಳದಿ, ನಸುನೀಲಿ ಬಣ್ಣದ ಗೋಡೆಗಳು. ಹಳೆಯ ಗ್ರೀಕ್ ದೇವಾಲಯಗಳನ್ನು ನೆನಪಿಗೆ ತರುವ ತ್ರಿಕೋನದ ಮುಂಭಾಗಗಳು. ಎರಡೂವರೆ ಸಾವಿರ ಜನರಿಗೆ ಇಷ್ಟೊಂದು ದೊಡ್ಡ ಮನೆಗಳೇಕೆ ಎಂದು ಯಾರಾದರೂ ಕೇಳಿಯಾರು. ಅವು ಎರಡೂವರೆ ಸಾವಿರ ಜನರಿಗಾಗಿ ಕಟ್ಟಿದವಲ್ಲ. 20ನೆಯ ಶತಮಾನದ ಆರಂಭದಲ್ಲಿ ಈ ಬಂಡೆಗಲ್ಲಿನ ದ್ವೀಪದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನರಿದ್ದರು. ಅವರನ್ನು ಸಾಕಿದ್ದು ಹೊಲಗದ್ದೆಗಳಲ್ಲ, ಸಮುದ್ರ. ಮರದ ಹಡಗುಗಳನ್ನು ಕಟ್ಟುವುದರಲ್ಲಿಯೂ ಕಡಲ ತಳಕ್ಕೆ ಮುಳುಗಿ ಸ್ಪಂಜು ಕೀಳುವುದರಲ್ಲಿಯೂ ಸಿಮಿಯವರು ಎತ್ತಿದ ಕೈ.

ಸ್ಲೇಟು ಒರೆಸಲು ಮಕ್ಕಳು ಬಳಸುತ್ತಿದ್ದ ಸ್ಪಂಜು ನಿಮಗೆ ನೆನಪಿರಬಹುದು. ನಿಜವಾದ ಸ್ಪಂಜು ಕಡಲ ತಳದ ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಪ್ರಾಣಿ. ಅದಕ್ಕಾಗಿ ಸಿಮಿಯವರು ಆಫ್ರಿಕದ ಕರಾವಳಿಯವರೆಗೂ ಹೋಗುತ್ತಿದ್ದರು. 1900ರಲ್ಲಿ ಹೀಗೆ ಹೊರಟ ಸಿಮಿಯ ಮುಳುಗುಗಾರರೇ ಆಂಟಿಕಿಥೆರಾ ದ್ವೀಪದ ಬಳಿ ಸಮುದ್ರದಡಿಯಲ್ಲಿ ಒಂದು ಪುರಾತನ ಹಡಗಿನ ಅವಶೇಷವನ್ನು ಕಂಡವರು. ಅದರಿಂದ ಮೇಲೆತ್ತಿದ ಕಂಚಿನ ಮೂರ್ತಿಗಳೂ, ಗ್ರಹಗತಿಯನ್ನು ಲೆಕ್ಕಹಾಕುತ್ತಿದ್ದ ಹಲ್ಲುಚಕ್ರಗಳ ಪ್ರಸಿದ್ಧ ಯಂತ್ರವೂ ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿವೆ. ಆದರೆ ಈ ಕಸುಬು ಪ್ರಾಣವನ್ನೇ ಪಣವಾಗಿ ಕೇಳುತ್ತಿತ್ತು. ಆಳದಲ್ಲಿ ಹೆಚ್ಚು ಹೊತ್ತಿದ್ದು ಬೇಗನೆ ಮೇಲೆ ಬಂದರೆ, ಒತ್ತಡದಿಂದ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಎದ್ದು ಮುಳುಗುಗಾರನ ಕೈಕಾಲುಗಳನ್ನೇ ಸ್ವಾಧೀನ ತಪ್ಪಿಸುತ್ತದೆ. ಆ ಬಣ್ಣದ ಮನೆಗಳ ಹಿಂದೆ ಇಂಥ ಬೆಲೆಯೂ ಇದೆ.

1912ರಲ್ಲಿ ಇಟಲಿ ಈ ದ್ವೀಪಗಳನ್ನು ಹಿಡಿಯಿತು. ಎದುರು ದಡದೊಡನೆ ಇದ್ದ ವ್ಯಾಪಾರದ ಹಾದಿ ಕಡಿಯುತ್ತ ಬಂತು. ಹಬೆಹಡಗುಗಳ ಮುಂದೆ ಮರದ ಹಡಗಿಗೆ ಗಿರಾಕಿ ಇಲ್ಲವಾಯಿತು. ಕಾರ್ಖಾನೆಯ ಸ್ಪಂಜು ಬಂದು ಕಡಲ ಸ್ಪಂಜಿನ ಮಾರುಕಟ್ಟೆಯನ್ನು ಕಸಿಯಿತು. ಎರಡನೆಯ ಮಹಾಯುದ್ಧದಲ್ಲಿ ಊರು ಹಾನಿಗೊಂಡಿತು. 1945ರ ಮೇ 8ರಂದು ಈ ದ್ವೀಪಗಳಲ್ಲಿದ್ದ ಜರ್ಮನ್ ಸೇನೆ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದ್ದು ಸಿಮಿಯಲ್ಲಿಯೇ. 1948ರಲ್ಲಿ ದ್ವೀಪಗಳು ವಿಧ್ಯುಕ್ತವಾಗಿ ಗ್ರೀಸಿಗೆ ಸೇರಿದವು. ಅಷ್ಟರಲ್ಲಿ ಜನ ಊರು ಬಿಡತೊಡಗಿ ಬಹುಕಾಲವಾಗಿತ್ತು. ಕೆಲವರು ರೋಡ್ಸಿಗೆ, ಕೆಲವರು ಪಿರೇಯಸ್ಸಿಗೆ, ಇನ್ನು ಕೆಲವರು ಅಮೆರಿಕದ ಫ್ಲಾರಿಡಾಕ್ಕೆ, ಆಸ್ಟ್ರೇಲಿಯಕ್ಕೆ ಹೋದರು. ಬೀಗ ಹಾಕಿದ ಮನೆಗಳ ಸೂರು ಕುಸಿಯಿತು.

ಇಂಥ ಊರಿಗೆ ಮೊದಲ ಆಸರೆಯಾದವರಲ್ಲಿ ದಿನದ ಪ್ರವಾಸಿಗಳೂ ಸೇರಿದ್ದಾರೆಂಬುದನ್ನು ಮರೆಯಬಾರದು. ರೋಡ್ಸಿನಲ್ಲಿ ಪ್ರವಾಸೋದ್ಯಮ ಬೆಳೆದಂತೆ ಸಿಮಿಗೆ ಒಂದು ಹಗಲಿನ ವಿಹಾರವೂ ಬೆಳೆಯಿತು. ಬಂದರಿನ ಅಂಗಡಿಗಳ ಬಾಗಿಲು ತೆರೆಯಿತು. ಊಟದ ಮನೆಗಳಲ್ಲಿ ಒಲೆ ಹೊತ್ತಿತು. ಒಂದು ದಿನಕ್ಕೆಂದು ಬಂದು ಮರುಳಾದವರು ಮರುವರ್ಷ ವಾರಗಟ್ಟಲೆ ಉಳಿಯಲು ಬಂದರು. ಕೆಲವರು ಹಳೆಯ ಮನೆಗಳನ್ನು ಕೊಂಡು ದುರಸ್ತಿ ಮಾಡಿಸಿದರು. ಆದ್ದರಿಂದ ಹಡಗಿನಿಂದಿಳಿಯುವ ಗುಂಪನ್ನು ಕಂಡು ಮೂಗು ಮುರಿಯುವುದು ಸುಲಭ. ಆ ಗುಂಪು ಬಾರದಿದ್ದರೆ ಏನಾದೀತೆಂದು ಅಂಗಡಿಯವನನ್ನು ಕೇಳಿದರೆ ಅವನ ಉತ್ತರ ಬೇರೆಯೇ ಇದ್ದೀತು.

ಇನ್ನು ಹೊರೆಯ ವಿಚಾರ. ಮೊದಲನೆಯದು ಹೊತ್ತಿನದು. ಸಾವಿರ ಜನ ಹತ್ತು ತಿಂಗಳಲ್ಲಿ ಹಂಚಿಕೊಂಡು ಬಂದರೆ ಒಂದು ಊರಿಗೆ ಅದು ಏನೂ ಅಲ್ಲ. ಅದೇ ಸಾವಿರ ಜನ ಒಂದೇ ಮಧ್ಯಾಹ್ನ, ಒಂದೇ ಕಟ್ಟೆಯ ಮೇಲೆ ಇಳಿದರೆ ಊರಿನವರು ರೊಟ್ಟಿ ತರಲು ಹೋಗುವುದೂ ಕಷ್ಟ. ಅಂಗಡಿಗಾರನಿಗೆ ವ್ಯಾಪಾರಕ್ಕೆ ಸಿಗುವುದು ಆ ಮೂರು ನಾಲ್ಕು ಗಂಟೆ ಮಾತ್ರ. ಅಷ್ಟರಲ್ಲಿ ಬೇಗನೆ ಮಾರಿಹೋಗುವ ಸರಕನ್ನೇ ಅವನು ಮುಂದಿಡುತ್ತಾನೆ: ಸ್ಪಂಜು, ಒಣಗಿಸಿದ ಸೊಪ್ಪು, ಸಂಬಾರ, ನೆನಪಿನ ಕಾಣಿಕೆಗಳು. ಮೊಳೆ, ಹಗ್ಗ, ಮಕ್ಕಳ ಬರೆಯುವ ಪುಸ್ತಕ ಇಂಥವನ್ನು ಕಟ್ಟೆಯ ಮೇಲಿನ ದುಬಾರಿ ಬಾಡಿಗೆಯ ಅಂಗಡಿಯಲ್ಲಿಟ್ಟು ಮಾರಿ ಬದುಕುವುದು ಕಷ್ಟ. ಯಾರೂ ಬೇಕೆಂದು ಮಾಡದಿದ್ದರೂ, ಊರಿನ ಎದುರು ಬಾಗಿಲು ಹೀಗೆ ಮೆಲ್ಲಮೆಲ್ಲಗೆ ಊರಿನವರ ಕೈತಪ್ಪುತ್ತದೆ.

ಎರಡನೆಯದು ನೀರು. ಸಿಮಿ ಸುಣ್ಣಕಲ್ಲಿನ ಒಣ ದ್ವೀಪ. ಅಲ್ಲಿ ಮಳೆಯೆಲ್ಲ ಚಳಿಗಾಲದಲ್ಲಿ. ಬೇಸಗೆಯಲ್ಲಿ ಹನಿಯೂ ಅಪರೂಪ. ಹಿಂದಿನವರು ಮಾಳಿಗೆಯ ಮೇಲೆ, ಅಂಗಳದ ಮೇಲೆ ಬಿದ್ದ ಮಳೆನೀರನ್ನು ಹನಿ ಬಿಡದೆ ನೆಲದಡಿಯ ತೊಟ್ಟಿಗಳಲ್ಲಿ ತುಂಬಿಟ್ಟು ವರ್ಷವಿಡೀ ಜೋಪಾನವಾಗಿ ಬಳಸುತ್ತಿದ್ದರು. ಅದು ಸಾಲದಾದಾಗ ಹೊರಗಿನಿಂದ ಹಡಗಿನಲ್ಲಿ ನೀರು ತರಿಸಬೇಕಾಯಿತು. ಆಮೇಲೆ ಕಡಲ ನೀರಿನ ಉಪ್ಪು ತೆಗೆಯುವ ಯಂತ್ರ ಬಂತು. ಆದರೆ ಯಂತ್ರಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ಎಣ್ಣೆ ಬೇಕು, ಎಣ್ಣೆ ಹಡಗಿನಲ್ಲಿಯೇ ಬರಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ದಿನ 1,200 ಮಂದಿ ಬಂದರೆಂದು ಇಟ್ಟುಕೊಳ್ಳಿ. ಕೈ ತೊಳೆಯಲು, ಶೌಚಕ್ಕೆ, ಅವರು ಉಂಡ ತಟ್ಟೆ ತೊಳೆಯಲು ತಲೆಗೆ ಹತ್ತೇ ಲೀಟರು ಎಂದರೂ 12,000 ಲೀಟರು ನೀರಾಯಿತು. ಈ ವೆಚ್ಚ ಬೀಳುವುದು ವರ್ಷದಲ್ಲೇ ನೀರು ಅತಿ ಕಡಮೆಯಿರುವ ತಿಂಗಳುಗಳಲ್ಲಿ. ಬಿಸಾಡಿದ ಬಾಟಲಿ, ಕಾಗದಗಳ ಮಾತೂ ಹಾಗೆಯೇ. ಸಣ್ಣ ದ್ವೀಪದ ಕಸವನ್ನು ಅಲ್ಲಿಯೇ ನೆಲದಲ್ಲಿ ಹುಗಿಯಬೇಕು; ಇಲ್ಲವೆ ಖರ್ಚು ಮಾಡಿ ಹಡಗೇರಿಸಬೇಕು.

ಮೂರನೆಯದು ಹಣ. ದಿನದ ಪ್ರವಾಸಿಯ ದೊಡ್ಡ ಖರ್ಚು ಹಡಗಿನ ಟಿಕೇಟು. ಅದನ್ನು ಅವನು ಕೊಳ್ಳುವುದು ರೋಡ್ಸಿನಲ್ಲಿ. ಮಲಗುವ ಕೋಣೆಯ ಬಾಡಿಗೆ, ರಾತ್ರಿಯ ಊಟ, ಬೆಳಗಿನ ಉಪಾಹಾರ ಎಲ್ಲವೂ ರೋಡ್ಸಿಗೇ ಸಲ್ಲುತ್ತದೆ. ಸಿಮಿಗೆ ಉಳಿಯುವುದು ಒಂದು ಹೊತ್ತಿನ ಊಟ, ಒಂದು ಲೋಟ ಪಾನೀಯ, ಒಂದು ಸ್ಪಂಜು. ಗ್ರೀಸ್ ಸರ್ಕಾರ 2024ರಿಂದ ಹೋಟೆಲು, ಬಾಡಿಗೆ ಕೋಣೆಗಳಲ್ಲಿ ತಂಗುವವರಿಂದ ರಾತ್ರಿಯ ಲೆಕ್ಕದಲ್ಲಿ ಹವಾಮಾನದ ವಿಪತ್ತುಗಳಿಗೆಂದು ಒಂದು ಶುಲ್ಕವನ್ನು ವಸೂಲು ಮಾಡುತ್ತಿದೆ. ತಂಗದೆ ಹೋಗುವವನಿಗೆ ಇದು ತಗಲುವುದೇ ಇಲ್ಲ.

ಹಾಗೆಂದು ಇಡೀ ದ್ವೀಪವೇ ಈ ನೂಕುನುಗ್ಗಲಿನಲ್ಲಿ ಮುಳುಗಿದೆಯೆಂದು ತಿಳಿಯಬೇಡಿ. ಬಂದರಿನ ಹಿಂದಿನಿಂದ ಸುಮಾರು 500 ಮೆಟ್ಟಿಲುಗಳ ಅಗಲವಾದ ಹಾದಿಯೊಂದು ಬೆಟ್ಟವನ್ನೇರುತ್ತದೆ. ಅದರ ಹೆಸರು ಕಾಲೀ ಸ್ತ್ರಾತಾ, ಎಂದರೆ ‘ಒಳ್ಳೆಯ ಹಾದಿ’. ಅದರ ತುದಿಯಲ್ಲಿರುವುದು ಖೋರಿಯೋ ಎಂಬ ಮೇಲೂರು. ಉರಿಬಿಸಿಲಿನ ಮಧ್ಯಾಹ್ನ, ಹಡಗು ತಪ್ಪೀತೆಂಬ ಭಯವನ್ನೂ ಹೊತ್ತು, ಐನೂರು ಮೆಟ್ಟಿಲು ಏರುವ ಉತ್ಸಾಹ ಎಲ್ಲರಿಗೂ ಇರುವುದಿಲ್ಲ. ಹಿಂದೆ ಕಡಲುಗಳ್ಳರಿಗೆ ಹೆದರಿ ಜನ ಎತ್ತರದಲ್ಲಿ ಮನೆ ಕಟ್ಟಿಕೊಂಡರು. ಆ ಎತ್ತರವೇ ಇವತ್ತು ಮನೆವಾರ್ತೆಯ ಬದುಕಿಗೆ ಕಾವಲಾಗಿದೆ.

ದ್ವೀಪದ ದಕ್ಷಿಣದಲ್ಲಿ ಪನೋರ್ಮೀತಿಸ್ ಎಂಬ ಮಠವಿದೆ. ನಾವಿಕರ ರಕ್ಷಕನೆಂದು ಇಲ್ಲಿನವರು ನಂಬುವ ದೇವದೂತ ಮಿಖಾಯೇಲನ ಸ್ಥಾನ ಅದು. ದಿನದ ಹಡಗುಗಳಲ್ಲಿ ಎಷ್ಟೋ ಅಲ್ಲಿಯೂ ಸ್ವಲ್ಪ ಹೊತ್ತು ನಿಲ್ಲುತ್ತವೆ. ಹರಕೆ ಹೊತ್ತು ಬರುವ ಯಾತ್ರಿಕರೂ ಅಲ್ಲಿಗೆ ಬರುತ್ತಾರೆ. ಮಠದ ಕೋಣೆಗಳಲ್ಲಿ ರಾತ್ರಿ ತಂಗಿ, ನವೆಂಬರ್ 8ರ ಹಬ್ಬಕ್ಕೆ ಕಾದು ಸೇರುತ್ತಾರೆ. ಇಬ್ಬರೂ ಹೊರಗಿನವರೇ. ಆದರೆ ಯಾತ್ರಿಕನಿಗೆ ಆ ಸ್ಥಳದೊಡನೆ ಒಂದು ಕೊಡುಕೊಳ್ಳುವ ಸಂಬಂಧವಿದೆ. ದಿನದ ಪ್ರವಾಸಿಗೆ ಅಂಥ ಸಂಬಂಧ ಬೆಳೆಯಲು ಹೊತ್ತೇ ಸಾಲದು.

ಸಿಮಿಯ ಕಷ್ಟ ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆಂಬುದನ್ನು ತಿಳಿಯಬೇಕಾದರೆ ಸಾಂತೊರೀನಿ ದ್ವೀಪವನ್ನು ನೋಡಬೇಕು. ಹದಿನೈದು ಸಾವಿರದಷ್ಟು ಜನರಿರುವ ಆ ದ್ವೀಪಕ್ಕೆ 2023ರಲ್ಲಿ ವಿಹಾರನೌಕೆಗಳಲ್ಲಿಯೇ ಸುಮಾರು 13 ಲಕ್ಷ ಜನ ಬಂದರು. ದಿನಕ್ಕೆ 8,000 ನೌಕಾಪ್ರವಾಸಿಗಳಿಗಿಂತ ಹೆಚ್ಚು ಬರಬಾರದೆಂದು ಅಲ್ಲಿ ಮಿತಿ ಹಾಕಬೇಕಾಯಿತು. 2025ರ ಜುಲೈಯಿಂದ ಗ್ರೀಸ್ ಸರ್ಕಾರ ವಿಹಾರನೌಕೆಯಿಂದಿಳಿಯುವ ಪ್ರತಿಯೊಬ್ಬರ ಮೇಲೂ ಶುಲ್ಕ ವಿಧಿಸಿತು. ಬೇಸಗೆಯ ತಿಂಗಳುಗಳಲ್ಲಿ ಸಾಂತೊರೀನಿ ಮತ್ತು ಮಿಕೊನೋಸ್ ದ್ವೀಪಗಳಿಗೆ ತಲೆಗೆ 20 ಯೂರೋ, ಉಳಿದ ಬಂದರುಗಳಿಗೆ ಇನ್ನೂ ಕಡಮೆ. ಇದು ದೊಡ್ಡ ನೌಕೆಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ನಿಯಮ. ಸಿಮಿಯ ಪ್ರಶ್ನೆ ಹುಟ್ಟುವುದು ನೆರೆಯ ದ್ವೀಪದಿಂದ ಬೆಳಿಗ್ಗೆ ಬಂದು ಸಂಜೆ ಮರಳುವ ಸಣ್ಣ ಹಡಗಿನಿಂದ. ಇದಲ್ಲದೆ 2024ರ ವಸಂತದಲ್ಲಿ, ತುರ್ಕಿಯ ಪ್ರಜೆಗಳಿಗೆ ಏಳು ದಿನಗಳವರೆಗಿನ ವೀಸಾವನ್ನು ಬಂದರಿನಲ್ಲಿಯೇ ಕೊಡುವ ಏರ್ಪಾಡು ಹತ್ತು ಗ್ರೀಕ್ ದ್ವೀಪಗಳಲ್ಲಿ ಜಾರಿಗೆ ಬಂತು. ಅವುಗಳಲ್ಲಿ ಸಿಮಿಯೂ ಒಂದು. ಬಹುಕಾಲ ಮುಚ್ಚಿದಂತಿದ್ದ ಎದುರು ದಡದ ದಾರಿ ಹೀಗೆ ಮತ್ತೆ ತೆರೆದದ್ದು ಸಂತೋಷದ ಮಾತು. ಕಟ್ಟೆಯ ಮೇಲಿನ ಸಂದಣಿಗೆ ಇನ್ನೊಂದು ದಿಕ್ಕಿನಿಂದಲೂ ಜನ ಸೇರಿದರೆಂಬುದೂ ನಿಜ.

ಹಾಗಾದರೆ ಉಪಾಯವೇನು? ರಾತ್ರಿ ತಂಗುವವರನ್ನೇ ಕರೆದರಾಯಿತು ಎಂದು ಹೇಳುವವರಿದ್ದಾರೆ. ತಂಗುವವನು ಹೆಚ್ಚು ಹಣ ಬಿಡುತ್ತಾನೆ, ದಿಟ. ಆದರೆ ಅವನಿಗೂ ನೀರು ಬೇಕು, ಅದೂ ಹೆಚ್ಚಾಗಿಯೇ. ಮನೆಗಳೆಲ್ಲ ಬೇಸಗೆಯ ಬಾಡಿಗೆಗೆ ಹೋದರೆ ಊರಿಗೆ ವರ್ಗವಾಗಿ ಬಂದ ಉಪಾಧ್ಯಾಯರಿಗೂ ವೈದ್ಯರಿಗೂ ಮನೆ ಸಿಗದು. ಹೆಸರುವಾಸಿಯಾದ ಗ್ರೀಕ್ ದ್ವೀಪಗಳಲ್ಲಿ ಈ ತೊಂದರೆ ಕಾಣಿಸಿಕೊಂಡಿದೆ. ಆದ್ದರಿಂದ ಬೇಕಾದದ್ದು ಹದ. ಹಡಗುಗಳೆಲ್ಲ ಒಂದೇ ಗಂಟೆಗೆ ಬಾರದಂತೆ ವೇಳೆಯನ್ನು ಹಂಚುವುದು, ಬೇಸಗೆಯ ಭಾರವನ್ನು ವಸಂತಕ್ಕೂ ಶರತ್ಕಾಲಕ್ಕೂ ಸ್ವಲ್ಪ ಸರಿಸುವುದು, ಬಂದು ಹೋಗುವವರಿಂದ ನೀರು ಮತ್ತು ಕಸದ ಖರ್ಚಿನ ಒಂದು ಪಾಲನ್ನು ಊರಿಗೇ ಸಲ್ಲುವಂತೆ ಪಡೆಯುವುದು, ಇವು ಮೂರೂ ಕೈಲಾಗದ ಕೆಲಸಗಳಲ್ಲ.

ಸಿಮಿಯ ಲೆಕ್ಕ ನಿಜವಾಗಿ ಇತ್ಯರ್ಥವಾಗುವುದು ಚಳಿಗಾಲದಲ್ಲಿ. ಶರತ್ಕಾಲ ಕಳೆಯುತ್ತ ಬಂದಂತೆ ವಿಹಾರದ ಹಡಗುಗಳು ನಿಲ್ಲುತ್ತವೆ. ಗಾಳಿ ಎದ್ದರೆ ದೊಡ್ಡ ಹಡಗೂ ಬಾರದು. ಕಾಯಿಲೆ ಬಲವಾದರೆ ಆಸ್ಪತ್ರೆಗೆ ರೋಡ್ಸಿಗೇ ಹೋಗಬೇಕು. ಶಾಲೆ, ವೈದ್ಯ, ನಿಯಮಿತವಾದ ಹಡಗು ಇವೆಲ್ಲ ಉಳಿಯಬೇಕಾದರೆ ವರ್ಷವಿಡೀ ಒಲೆ ಉರಿಯುವ ಮನೆಗಳು ಸಾಕಷ್ಟು ಇರಬೇಕು. ಬೇಸಗೆಯ ಗಳಿಕೆಯಿಂದ ಅಂಥ ಮನೆಗಳು ಹೆಚ್ಚಿದರೆ ದಿನದ ಪ್ರವಾಸಿ ಊರಿಗೆ ಉಪಕಾರ ಮಾಡಿದಂತೆ. ಅವು ಕಡಮೆಯಾಗುತ್ತ ಹೋದರೆ ಎಷ್ಟೇ ಸ್ಪಂಜು ಮಾರಿದರೂ ನಷ್ಟವೇ. ವಾಚಕರಲ್ಲಿ ಯಾರಾದರೂ ಮುಂದೊಂದು ದಿನ ರೋಡ್ಸಿನವರೆಗೆ ಹೋದರೆ ಸಿಮಿಗೂ ಹೋಗಿಬನ್ನಿ. ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಆಗದಿದ್ದರೆ ಕುಡಿಯುವ ನೀರಿನ ಬಾಟಲಿಯನ್ನು ಹಿಂದಕ್ಕೆ ತನ್ನಿ, ಮತ್ತು ಬಿಸಿಲಿದ್ದರೂ ಆ ಐನೂರು ಮೆಟ್ಟಿಲುಗಳನ್ನು ಏರಿ, ಮೇಲೂರಿನಲ್ಲಿ ಒಂದು ಲೋಟ ಕಾಫಿ ಕುಡಿದು ಬನ್ನಿ.