ಹಣ್ಣು ತಿಂದು ಬೀಜವನ್ನು ಊರಿರಿ

ಮೃಗಶಿರ ಮಳೆ ಹಿಡಿಯಿತೆಂದರೆ ಹಂಸಭಾವಿಯ ಸುತ್ತಿನ ಊರುಗಳಲ್ಲಿ ನೇರಲಹಣ್ಣಿನ ಕಾಲ. ಮಕ್ಕಳ ನಾಲಗೆಗಳೆಲ್ಲ ನೀಲಿಯಾಗುವವು. ಹಣ್ಣು ಹೊಟ್ಟೆಯನ್ನು ಸೇರುವದು. ಬೀಜವು ಮಾತ್ರ ಕಸದ ಪಾಲು. ಮುಂದಿನವರ ನೆರಳನ್ನೇ ನಾವು ಹೀಗೆ ಗುಡಿಸಿ ಚೆಲ್ಲುತ್ತಿರುವೆವೆಂಬುದನ್ನು ವಾಚಕರು ಆಲೋಚಿಸಬೇಕು.

ಮರದ ಬೆಲೆಯು ಅದು ಬಿದ್ದ ದಿನ ತಿಳಿಯುವದು. ನಮ್ಮ ಜಿಲ್ಲೆಯ ಸವಣೂರಿನಲ್ಲಿ ಕಲ್ಮಠದ ದೊಡ್ಡಹುಣಸೆ ಮರಗಳು ಮೂರು. ಆಫ್ರಿಕೆಯ ಮೂಲದ ಆ ಹಿರಿಯ ಮರಗಳಲ್ಲೊಂದು 2023ರ ಜುಲೈ ತಿಂಗಳಲ್ಲಿ ಬುಡಸಹಿತವಾಗಿ ಉರುಳಿತು. ಯಂತ್ರಗಳಿಂದ ಎತ್ತಿ ಅದನ್ನು ಮತ್ತೆ ನೆಡಬೇಕಾಯಿತು. ತಲೆಮಾರುಗಳ ನೆರಳು ಒಂದೇ ದಿನದಲ್ಲಿ ನೆಲಕ್ಕೊರಗಬಹುದು. ಆದುದರಿಂದ ಹಳೆಯ ಮರವು ನಿಂತಿರುವಾಗಲೇ ಹೊಸ ಸಸಿಯನ್ನು ಎಬ್ಬಿಸತಕ್ಕದ್ದು.

ದೊಡ್ಡಹುಣಸೆಯ ಬೀಜಕ್ಕೆ ಗಟ್ಟಿಯಾದ ಸಿಪ್ಪೆಯುಂಟು. ಅದು ವರ್ಷಗಟ್ಟಲೆ ಜೀವ ಹಿಡಿದಿರುವದು. ನೇರಲದ ಬೀಜ ಹಾಗಲ್ಲ. ಶೀತದೇಶಗಳ ಓಕ್ ಮರದ ಬೀಜದಂತೆ, ಅದು ಒಣಗಿತೆಂದರೆ ಸತ್ತಿತು. ಎರಡು ವಾರ ಕಳೆಯುವದರೊಳಗೆ ಅದರ ಮೊಳೆಯುವ ಶಕ್ತಿ ಬಹುಮಟ್ಟಿಗೆ ಕುಂದುವದು. ಡಬ್ಬಿಯಲ್ಲಿ ಕಾಯ್ದಿಟ್ಟು ಮುಂದಿನ ವರ್ಷ ಊರುವೆವೆಂಬುದು ವ್ಯರ್ಥ.

ಹಣ್ಣು ತಿಂದ ದಿನವೇ ಬೀಜವನ್ನು ತೊಳೆದು, ಒಂದು ಬೆರಳಿನಗಲದಷ್ಟು ಆಳಕ್ಕೆ ಊರಿರಿ. ಸಾಧ್ಯವಿದ್ದರೆ ಮರವು ನಿಲ್ಲಬೇಕಾದ ಸ್ಥಳದಲ್ಲಿಯೇ ಊರುವದು ಲೇಸು. ಚೀಲದಲ್ಲಿ ಬಹುಕಾಲ ಬೆಳೆದ ಸಸಿಯ ತಾಯಿಬೇರು ಸುತ್ತಿಕೊಳ್ಳುವದು. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಬಂದರೆ ಬೆರಗಾಗಬೇಡಿರಿ. ಅದು ನೇರಲದ ಸ್ವಭಾವ. ಬಲವಾದುದೊಂದನ್ನು ಉಳಿಸಿ ಉಳಿದವನ್ನು ಕೀಳಿರಿ. ಆಡು ಕುರಿಗಳು ಮುಟ್ಟದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿರಿ. ಮೊದಲ ಎರಡು ಬೇಸಗೆಗಳಲ್ಲಿ ನೀರೆರೆಯಿರಿ. ಮರವು ಬಹಳ ಎತ್ತರಕ್ಕೆ ಏರುವದರಿಂದ ಗೋಡೆಗೂ ಬಾವಿಗೂ ದೂರವಿರಲಿ.

ಬೀಜದಿಂದೆದ್ದ ಮರವು ಹಣ್ಣು ಕೊಡಲು ಎಂಟು ಹತ್ತು ವರ್ಷಗಳು ಬೇಕು. ಇಷ್ಟು ಕಾಯುವರಾರೆಂದು ಕೇಳುವವರುಂಟು. ಆದರೆ ನೆರಳು ಅಷ್ಟು ಕಾಯಿಸದು. ಬೇಸಗೆಯಲ್ಲಿಯೂ ನೇರಲವು ಹಸುರಾಗಿ ನಿಲ್ಲುವದು. ಹೂವಿಗೆ ಜೇನುಗಳು ಬರುವವು. ಹಣ್ಣಿಗೆ ಕೋಗಿಲೆ, ಗೊರವಂಕಗಳು ಹಗಲಿನಲ್ಲಿಯೂ ಬಾವಲಿಗಳು ಇರುಳಿನಲ್ಲಿಯೂ ಬರುವವು. ಅವು ತಿಂದು ಬೀಜವನ್ನು ದೂರಕ್ಕೊಯ್ದು ಬಿತ್ತುವವು. ಕೂಲಿಯಿಲ್ಲದ ತೋಟಿಗರು ಅವು!

ಈ ಮಳೆಗಾಲದಲ್ಲಿ ಮನೆಯ ಮಗುವೊಂದರ ಕೈಯಿಂದ ಒಂದು ಬೀಜವನ್ನು ಊರಿಸಿರಿ. ಆ ಮಗುವಿನ ಮಕ್ಕಳ ನಾಲಗೆಗಳೂ ನೀಲಿಯಾಗಲಿ.