ಜನವರಿಯಲ್ಲಿ ಹತ್ತಿರ, ಜುಲೈಯಲ್ಲಿ ದೂರ

ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುತ್ತಿರುವ ಜನವರಿಯ ಮೊದಲ ವಾರ. ಬೆಳಗಿನ ಜಾವ ನೀವು ಶಾಲು ಹೊದ್ದುಕೊಂಡೇ ಅಂಗಳಕ್ಕೆ ಬರುತ್ತೀರಿ. ಇಡೀ ವರ್ಷದಲ್ಲಿ ಭೂಮಿಯು ಸೂರ್ಯನಿಗೆ ಅತಿ ಸಮೀಪವಿರುವುದು ಅದೇ ದಿನಗಳಲ್ಲಿ ಎಂದರೆ ನಂಬುತ್ತೀರಾ? ಆಗ ಅಂತರ ಸುಮಾರು 14 ಕೋಟಿ 71 ಲಕ್ಷ ಕಿ.ಮೀ. ಜುಲೈ ಆರಂಭದಲ್ಲಿ ಅದಕ್ಕಿಂತ 50 ಲಕ್ಷ ಕಿ.ಮೀ. ಹೆಚ್ಚು. ಚಳಿಗಾಲ, ಬೇಸಿಗೆಗಳು ಬರುವುದು ಮುಖ್ಯವಾಗಿ ಈ ಅಂತರದಿಂದಲ್ಲ, ಭೂಮಿಯು ವಾಲಿಕೊಂಡು ತಿರುಗುವುದರಿಂದ.

ಆ ವಾಲಿಕೆಯನ್ನು ನೀವು ಮನೆಯಂಗಳದಲ್ಲೇ ನೋಡಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಎರಡನೇ ವಾರದ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಸಮತಟ್ಟಾದ ನೆಲದ ಮೇಲೆ ಒಂದು ಡಬ್ಬಿಯನ್ನಿಡಿ. ಅದರ ನೆರಳು ಬುಡದಲ್ಲೇ ಅಡಗಿ ಹೋಗುತ್ತದೆ. (ಆಗಸ್ಟಿನಲ್ಲಿ ಮೋಡ ದಾರಿ ಬಿಟ್ಟರೆ!) ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಅದೇ ಡಬ್ಬಿಗೆ ತನ್ನ ಎತ್ತರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚೇ ನೆರಳಿರುತ್ತದೆ. ಅಸ್ರ್ ನಮಾಝಿನ ವೇಳೆಯನ್ನು ನೆರಳಿನಿಂದ ಗುರುತಿಸುವ ಪದ್ಧತಿಯನ್ನು ಬಲ್ಲ ನಿಮಗೆ ಇದೇನೂ ಅಪರಿಚಿತ ವಿಷಯವಲ್ಲ.

ಈಗ ಸುಮಾರು 23.4 ಡಿಗ್ರಿ ಇರುವ ಈ ವಾಲಿಕೆ ಶಾಶ್ವತವಲ್ಲ. ಸುಮಾರು 41,000 ವರ್ಷಗಳಿಗೊಮ್ಮೆ ಅದು 22.1ರಿಂದ 24.5 ಡಿಗ್ರಿಯ ನಡುವೆ ಏರಿಳಿಯುತ್ತದೆ. ಗುರು, ಶುಕ್ರ ಮೊದಲಾದ ಗ್ರಹಗಳ ಸೆಳೆತದಿಂದ ಭೂಮಿಯ ಕಕ್ಷೆಯೂ ನಿಧಾನವಾಗಿ ಆಕಾರ ಬದಲಿಸುತ್ತದೆ, ಸರಿಯುತ್ತದೆ. ಇದರ ಸುಳಿವು ದೂರದರ್ಶಕ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಸಿಕ್ಕಿತ್ತು. ಕ್ರಿ.ಶ. 929ರಲ್ಲಿ ನಿಧನರಾದ ಅಲ್ ಬತ್ತಾನಿಯವರು ಸಿರಿಯಾದ ರಖ್ಖಾ ನಗರದಲ್ಲಿ ಹಲವು ವರ್ಷ ಸೂರ್ಯನ ಚಲನೆಯನ್ನು ಅಳೆದರು. ಸೂರ್ಯ ನಮ್ಮಿಂದ ಅತಿ ದೂರವಾಗುವ ಬಿಂದು ಟಾಲೆಮಿ ಹೇಳಿದ್ದ ಜಾಗದಲ್ಲಿಲ್ಲ, ಸರಿದಿದೆ ಎಂದು ಅವರಿಗೆ ತಿಳಿಯಿತು. ಬರಿಗಣ್ಣು, ಕೆಲವು ಉಪಕರಣ ಮತ್ತು ಅಪಾರ ತಾಳ್ಮೆ ಇಷ್ಟೇ ಅವರ ಬಳಿಯಿದ್ದ ಬಂಡವಾಳ.

ಅತಿ ಸಮೀಪದ ಆ ದಿನ ಸರಿಸುಮಾರು 58 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತದೆ. ಹೀಗೆ ಇಡೀ ವರ್ಷವನ್ನು ಸುತ್ತಿ ಬರಲು ಸುಮಾರು 21,000 ವರ್ಷ ಬೇಕು. ಹನ್ನೊಂದು ಸಾವಿರ ವರ್ಷಗಳ ಹಿಂದೆ ಅದು ಜೂನ್-ಜುಲೈಯ ಆಸುಪಾಸಿನಲ್ಲಿತ್ತು. ಆಗ ನಮ್ಮ ಉತ್ತರಾರ್ಧದ ನೆಲ ಬೇಸಿಗೆಯಲ್ಲಿ ಹೆಚ್ಚು ಕಾದು, ಕಡಲಿನ ಗಾಳಿಯನ್ನು ಬಲವಾಗಿ ಸೆಳೆಯುತ್ತಿತ್ತು. ಅದರ ನಂತರದ ಕೆಲವು ಸಾವಿರ ವರ್ಷ ಮುಂಗಾರು ಇಂದಿಗಿಂತ ಜೋರಾಗಿತ್ತು. ಸಹಾರಾದಲ್ಲಿ ಹುಲ್ಲು ಬೆಳೆದಿತ್ತು, ಕೆರೆಗಳಿದ್ದವು.

"ಬಿಸಿಲು ಹೆಚ್ಚಿದೆ, ಮಳೆಗೆ ಹೊತ್ತುಗೊತ್ತಿಲ್ಲ. ಭೂಮಿಯೇ ವಾಲಿದ ಮೇಲೆ ನಮ್ಮ ಕೈಯಲ್ಲೇನಿದೆ?" ಎನ್ನುವವರಿದ್ದಾರೆ. ಆದರೆ ಲೆಕ್ಕ ಕೂಡುವುದಿಲ್ಲ. ಕಳೆದ ಸುಮಾರು 150 ವರ್ಷಗಳಲ್ಲಿ ವಾಲಿಕೆ ಬದಲಾದದ್ದು ಒಂದು ಡಿಗ್ರಿಯ ಐವತ್ತನೇ ಒಂದು ಪಾಲು, ಅದೂ ಕಡಿಮೆಯಾಗುವ ಕಡೆಗೆ. ಅಷ್ಟರಲ್ಲೇ ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿಗೂ ಮಿಕ್ಕಿ ಏರಿದೆ. ಇದಕ್ಕೆ ಮುಖ್ಯ ಕಾರಣ ನಾವು ಉರಿಸುವ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್. ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ, ಸುರಿಸುವಾಗ ರಭಸದಿಂದ ಸುರಿಸುತ್ತದೆ. ಒಣಗಲು ಹರವಿದ ಮೆಣಸಿನಕಾಯಿಯ ಮೇಲೆ ಅಂಥ ಮಳೆ ಬಿದ್ದರೆ ಬಣ್ಣ ಮಾಸುತ್ತದೆ, ಬೂಷ್ಟು ಹಿಡಿಯುತ್ತದೆ, ದರ ಇಳಿಯುತ್ತದೆ. ರೈತನ ಜೊತೆಗೆ, ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ತೊಟ್ಟು ಬಿಡಿಸುವ ಹೆಂಗಸರ ಕೂಲಿಗೂ ಅದು ಪೆಟ್ಟು.