ಫ್ಲೂ ಎಣಿಕೆ ಮತ್ತು ಲಸಿಕೆಯ ಬಲ: ತಪ್ಪು ಕಲ್ಪನೆ, ಸತ್ಯ

ಇನ್‌ಫ್ಲುಯೆನ್ಜಾ, ಅಂದರೆ ಫ್ಲೂ, ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 100 ಕೋಟಿ ಜನರಿಗೆ ತಗಲುತ್ತದೆ. ಅದರಿಂದ ಉಸಿರಾಟ ಕೆಟ್ಟು ಸಾಯುವವರು 2.9 ಲಕ್ಷದಿಂದ 6.5 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಪರಿಚಿತ ಕಾಯಿಲೆಯ ಬಗ್ಗೆ ಎಲ್ಲರಲ್ಲೂ ಒಂದೊಂದು ಅಭಿಪ್ರಾಯ ಇರುವುದು ಸಹಜ. ಅವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಗೊತ್ತಾಗಬೇಕಾದರೆ ರೋಗಿಗಳ ಮೂಗು, ಗಂಟಲಿನ ದ್ರವ ತೆಗೆದು ಪರೀಕ್ಷಿಸಿ ವಾರವಾರವೂ ಲೆಕ್ಕ ಇಡಬೇಕು. ಹಾಗೆ ಲೆಕ್ಕ ಇಟ್ಟ ಊರುಗಳಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಒಂದು. ಅಲ್ಲಿ 2012ರಲ್ಲಿ ಶುರುವಾದ ಐದು ವರ್ಷಗಳ ಅಧ್ಯಯನಕ್ಕೆ ‘ಶಿವರ್ಸ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಚಳಿನಡುಕ ಎಂದರ್ಥ. ಆಸ್ಪತ್ರೆಗೆ ಸೇರಿದವರನ್ನೂ ಕುಟುಂಬ ವೈದ್ಯರ ಕ್ಲಿನಿಕ್ಕಿಗೆ ಬಂದವರನ್ನೂ ಒಂದೇ ಕಾಲದಲ್ಲಿ, ಒಂದೇ ಬಗೆಯ ಪರೀಕ್ಷೆಯಿಂದ ಗಮನಿಸಿದ್ದು ಅದರ ಹೆಚ್ಚುಗಾರಿಕೆ.

“ಜ್ವರ, ಕೆಮ್ಮು, ಮೈಕೈ ನೋವು ಬಂದರೆ ಅದು ಫ್ಲೂ”

ಲಕ್ಷಣ ನೋಡಿ ಫ್ಲೂ ಎಂದು ಖಚಿತವಾಗಿ ಹೇಳಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ರೈನೋವೈರಸ್, ಆರ್‌ಎಸ್‌ವಿ, ಅಡೆನೋವೈರಸ್ ಮುಂತಾದವೂ ಇದೇ ತೊಂದರೆ ಕೊಡುತ್ತವೆ. ಆದ್ದರಿಂದಲೇ ಕಣ್ಗಾವಲಿನಲ್ಲಿ ಎರಡು ಹಂತ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಹತ್ತು ದಿನಗಳ ಒಳಗೆ ಶುರುವಾದ, 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರವೂ ಕೆಮ್ಮೂ ಇದ್ದರೆ ಅದು ‘ಫ್ಲೂ ಮಾದರಿಯ ಕಾಯಿಲೆ’. ಜ್ವರ, ಕೆಮ್ಮಿನ ಜೊತೆಗೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ‘ತೀವ್ರ ಉಸಿರಾಟದ ಸೋಂಕು’. ಇವೆರಡೂ ಸಂಶಯದ ಪಟ್ಟಿಗಳಷ್ಟೇ. ಪಿಸಿಆರ್ ಪರೀಕ್ಷೆಯಲ್ಲಿ ವೈರಾಣು ಸಿಕ್ಕ ಮೇಲೆಯೇ ಫ್ಲೂ ಎಂದು ಎಣಿಸುತ್ತಾರೆ. ಈ ವ್ಯಾಖ್ಯೆಗೂ ಒಂದು ಕೊರತೆ ಇದೆ: ವಯಸ್ಸಾದವರಲ್ಲಿ ಫ್ಲೂ ಇದ್ದರೂ ಎಷ್ಟೋ ಸಲ ಜ್ವರ ಏರುವುದೇ ಇಲ್ಲ.

“ಫ್ಲೂ ತಗಲಿದವರೆಲ್ಲ ಹಾಸಿಗೆ ಹಿಡಿಯುತ್ತಾರೆ”

2015ರಲ್ಲಿ ಆಕ್ಲೆಂಡಿನ ತಂಡ ಚಳಿಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಅದೇ ಜನರ ರಕ್ತ ತೆಗೆದು ಪ್ರತಿಕಾಯಗಳನ್ನು ಅಳೆಯಿತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಒಂದೇ ಋತುವಿನಲ್ಲಿ ಸೋಂಕು ತಗಲಿತ್ತು, ಆದರೆ ಸೋಂಕಿತರಲ್ಲಿ ಬಹುಪಾಲು ಜನರಿಗೆ ಅದರ ಅರಿವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಕಾಣುವುದು ಆ ಸೋಂಕಿನ ತೀರಾ ಸಣ್ಣ ಭಾಗ, ಕ್ಲಿನಿಕ್ಕಿನಲ್ಲಿ ಕಾಣುವುದು ಅದಕ್ಕಿಂತ ಕೊಂಚ ದೊಡ್ಡದು. ಎರಡು ಬಾಗಿಲಲ್ಲೂ ನಿಂತು ಎಣಿಸಬೇಕಾದ ಕಾರಣ ಇದೇ. ಆಸ್ಪತ್ರೆಯ ಅಂಕಿಯೊಂದನ್ನೇ ನೋಡಿದವರಿಗೆ ಫ್ಲೂ ಭಯಂಕರವಾಗಿ ಕಾಣುತ್ತದೆ, ಕ್ಲಿನಿಕ್ಕಿನದನ್ನು ಮಾತ್ರ ನೋಡಿದವರಿಗೆ ಮೂರು ದಿನದ ಜ್ವರವೆನಿಸುತ್ತದೆ. ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದೂ ಇಲ್ಲ. ಆಕ್ಲೆಂಡಿನಲ್ಲಿ ಆಸ್ಪತ್ರೆ ಸೇರಿದವರಲ್ಲಿ ಪುಟ್ಟ ಮಕ್ಕಳು, 65 ದಾಟಿದವರು, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಮತ್ತು ಪೆಸಿಫಿಕ್ ದ್ವೀಪ ಮೂಲದ ಜನ ತಮ್ಮ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಾಗಿದ್ದರು.

“ಎಲ್ಲ ರೋಗಿಗಳನ್ನೂ ಎಣಿಸದಿದ್ದರೆ ಲೆಕ್ಕ ಸುಳ್ಳು”

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎಂಬುದು ಅಡುಗೆಮನೆಯ ತಿಳಿವಳಿಕೆ. ಆಯ್ದ ಕ್ಲಿನಿಕ್ಕುಗಳ ಕಣ್ಗಾವಲು ನಡೆಯುವುದೂ ಇದೇ ನಂಬಿಕೆಯ ಮೇಲೆ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ಇಂಥ ಜಾಲ 1957ರಿಂದಲೂ ಇದೆ. ಆದರೆ ಅಗುಳನ್ನು ಯಾವ ಪಾತ್ರೆಯಿಂದ ತೆಗೆದದ್ದು ಎಂಬುದು ಗೊತ್ತಿರಬೇಕು. ನ್ಯೂಜಿಲೆಂಡಿನಲ್ಲಿ ಜನ ಒಂದು ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತಾರೆ. ಹಾಗಾಗಿ ಇಷ್ಟು ಸಾವಿರ ಜನರಲ್ಲಿ ಈ ವಾರ ಇಷ್ಟು ಮಂದಿಗೆ ಫ್ಲೂ ಎಂದು ಹೇಳಲು ಸಾಧ್ಯವಾಯಿತು. ಪಾತ್ರೆಯ ಅಳತೆ ಗೊತ್ತಿಲ್ಲದ ಕಡೆ ರೋಗಿಗಳ ಸಂಖ್ಯೆ ಏರಿದರೆ, ಕಾಯಿಲೆ ಹೆಚ್ಚಿತೋ ಪರೀಕ್ಷೆ ಹೆಚ್ಚಿತೋ ಎಂದು ಬಿಡಿಸಿ ಹೇಳುವುದು ಕಷ್ಟ.

“ಲಸಿಕೆ ಹಾಕಿಸಿಕೊಂಡವರೂ ಆಸ್ಪತ್ರೆಯಲ್ಲಿದ್ದಾರೆ, ಅಂದಮೇಲೆ ಲಸಿಕೆ ದಂಡ”

ಈ ತಪ್ಪು ಉಳಿದೆಲ್ಲದಕ್ಕಿಂತ ಹೆಚ್ಚು ಹಾನಿ ಮಾಡಿದೆ. ನೋಡುವುದಕ್ಕೆ ಇದು ತರ್ಕಬದ್ಧವಾಗಿಯೇ ಇದೆ, ಅದಕ್ಕೇ ಬಿಡಿಸಿ ನೋಡಬೇಕು. ಮುದುಕರು, ಆಸ್ತಮಾ ಅಥವಾ ಹೃದ್ರೋಗ ಇರುವವರೇ ಲಸಿಕೆಯನ್ನು ಹೆಚ್ಚಾಗಿ ಹಾಕಿಸಿಕೊಳ್ಳುತ್ತಾರೆ. ಆಸ್ಪತ್ರೆಗೆ ಬೇಗ ಸೇರುವವರೂ ಅವರೇ. ಹೀಗಿರುವಾಗ ವಾರ್ಡಿನಲ್ಲಿ ಲಸಿಕೆ ಪಡೆದವರ ತಲೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಅವರನ್ನು ಯಾರ ಜೊತೆ ಹೋಲಿಸಬೇಕು ಎಂಬುದೇ ಮುಖ್ಯ.

ಇದಕ್ಕೆ ಕಂಡುಕೊಂಡ ಉಪಾಯ ಸರಳ. ಒಂದೇ ಬಗೆಯ ಜ್ವರ, ಕೆಮ್ಮಿನಿಂದ ಬಂದ ಎಲ್ಲರನ್ನೂ ಪರೀಕ್ಷಿಸಿ, ಫ್ಲೂ ಸಿಕ್ಕವರದೊಂದು ಗುಂಪು, ಸಿಗದವರದೊಂದು ಗುಂಪು ಮಾಡುತ್ತಾರೆ. ಎರಡೂ ಗುಂಪಿನವರು ಕಾಯಿಲೆಯಾದಾಗ ವೈದ್ಯರ ಬಳಿ ಬರುವ ಅಭ್ಯಾಸದವರೇ ಆದ್ದರಿಂದ ಹೋಲಿಕೆ ಆದಷ್ಟು ನ್ಯಾಯವಾಗಿರುತ್ತದೆ. ಒಂದು ಕಲ್ಪಿತ ಲೆಕ್ಕ ನೋಡಬಹುದು. ಫ್ಲೂ ಸಿಕ್ಕ 100 ಜನರಲ್ಲಿ 20 ಮಂದಿ ಲಸಿಕೆ ಪಡೆದವರು, 80 ಮಂದಿ ಪಡೆಯದವರು. ಅನುಪಾತ ಒಂದಕ್ಕೆ ನಾಲ್ಕು. ಫ್ಲೂ ಸಿಗದ 150 ಜನರಲ್ಲಿ 50 ಮಂದಿ ಪಡೆದವರು, 100 ಮಂದಿ ಪಡೆಯದವರು. ಅನುಪಾತ ಒಂದಕ್ಕೆ ಎರಡು. ಮೊದಲನೆಯದು ಎರಡನೆಯದರ ಅರ್ಧ, ಆದ್ದರಿಂದ ಲಸಿಕೆಯ ಪರಿಣಾಮ ಶೇ 50. ಫ್ಲೂ ಬಂದ ಆ 20 ಮಂದಿಯನ್ನು ಮಾತ್ರ ನೋಡಿದವರು ಲಸಿಕೆ ಸೋತಿತೆನ್ನುತ್ತಾರೆ, ಆದರೆ ಅದೇ ಲೆಕ್ಕದಲ್ಲಿ ಅಪಾಯ ಅರ್ಧಕ್ಕೆ ಇಳಿದಿದೆ. ನಿಜವಾದ ಅಧ್ಯಯನದಲ್ಲಿ ವಯಸ್ಸು, ಹಳೆಯ ಕಾಯಿಲೆ, ಯಾವ ತಿಂಗಳಲ್ಲಿ ಬಂದರು ಎಂಬುದನ್ನೆಲ್ಲ ಸರಿತೂಗಿಸಬೇಕಾಗುತ್ತದೆ.

ಆಕ್ಲೆಂಡಿನಲ್ಲಿ 2013ರ ಋತುವಿಗೆ ಹೀಗೆ ಸಿಕ್ಕ ಉತ್ತರ ಇದು: ಆಸ್ಪತ್ರೆ ಸೇರುವಂಥ ಫ್ಲೂ ತಡೆಯುವುದರಲ್ಲಿ ಶೇ 52, ಕ್ಲಿನಿಕ್ಕಿಗೆ ಹೋಗುವಂಥ ಫ್ಲೂ ತಡೆಯುವುದರಲ್ಲಿ ಶೇ 56. ರೋಗಿಗಳ ಸಂಖ್ಯೆ ಸೀಮಿತವಾದ್ದರಿಂದ ಎರಡೂ ಅಂದಾಜುಗಳ ಆಚೀಚಿನ ವ್ಯಾಪ್ತಿ ದೊಡ್ಡದೇ ಇತ್ತು. ಹಾಗಾಗಿ ಇವೆರಡರ ನಡುವಿನ ಸಣ್ಣ ಅಂತರಕ್ಕೆ ಅರ್ಥ ಹುಡುಕಬೇಕಾಗಿಲ್ಲ.

“ಶೇ 50 ಎಂದರೆ ಲಸಿಕೆ ಪಡೆದ ಅರ್ಧ ಜನರಿಗೆ ಫ್ಲೂ ಬರುತ್ತದೆ”

ಲಸಿಕೆ ಇಲ್ಲದ 100 ಜನರಲ್ಲಿ ಹತ್ತು ಮಂದಿಗೆ ಫ್ಲೂ ಬರುವ ವರ್ಷದಲ್ಲಿ, ಲಸಿಕೆ ಪಡೆದ ಅಂಥದೇ 100 ಜನರಲ್ಲಿ ಐವರಿಗೆ ಬರುತ್ತದೆ ಎಂಬುದು ಅದರ ಅರ್ಥ. ಈ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಅಮೆರಿಕದಲ್ಲಿ 2010–11ರಲ್ಲಿ ಶೇ 60 ಇದ್ದ ಪರಿಣಾಮ 2014–15ರಲ್ಲಿ ಶೇ 19ಕ್ಕೆ ಕುಸಿಯಿತು. ಆ ವರ್ಷ ಹರಡಿದ ಎಚ್3ಎನ್2 ವೈರಾಣು ಲಸಿಕೆಯಲ್ಲಿದ್ದ ತಳಿಗಿಂತ ಬೇರೆಯಾಗಿ ಮಾರ್ಪಟ್ಟಿತ್ತು.

“ಲಸಿಕೆಯಿಂದಲೇ ಫ್ಲೂ ಬರುತ್ತದೆ, ಬರದಿದ್ದರೂ ಒಮ್ಮೆ ಹಾಕಿಸಿದರೆ ಸಾಕು”

ಸೂಜಿಯಿಂದ ಕೊಡುವ ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಆ ನಡುವೆ ಹೊರಗಿನಿಂದ ಸೋಂಕು ತಗಲಿದವರು ಲಸಿಕೆಯನ್ನು ದೂರುವುದುಂಟು. ಆ ರಕ್ಷಣೆಯೂ ತಿಂಗಳು ಕಳೆದಂತೆ ಕುಂದುತ್ತದೆ, ವೈರಾಣುವೂ ವೇಷ ಬದಲಿಸುತ್ತದೆ. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಳಿಗಳನ್ನು ಆಯ್ದು ಹೇಳುತ್ತದೆ: ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರಿನಲ್ಲಿ. ಆಯ್ಕೆಗೆ ಆಧಾರ ಕ್ಲಿನಿಕ್ಕು, ಆಸ್ಪತ್ರೆಗಳಿಂದ ಬಂದ ಮಾದರಿಗಳೇ. ಭಾರತ ಉತ್ತರ ಗೋಳಾರ್ಧದಲ್ಲಿದ್ದರೂ ಇಲ್ಲಿ ಫ್ಲೂ ಜನವರಿ–ಮಾರ್ಚ್ ಅವಧಿಯಲ್ಲೊಮ್ಮೆ, ಮಳೆಗಾಲದ ಹೊತ್ತಿಗೆ ಇನ್ನೊಮ್ಮೆ ಏರುತ್ತದೆ. ಆದ್ದರಿಂದ ಯಾವ ತಿಂಗಳಲ್ಲಿ ಲಸಿಕೆ ಹಾಕಿಸುವುದು ಒಳ್ಳೆಯದೆಂಬ ಪ್ರಶ್ನೆಗೆ ಯುರೋಪಿನ ಉತ್ತರ ಕರ್ನಾಟಕಕ್ಕೆ ಹಾಗೇ ಹೊಂದುವುದಿಲ್ಲ.

“2020ರಲ್ಲಿ ಫ್ಲೂವನ್ನೇ ಕೋವಿಡ್ ಎಂದು ಕರೆದರು”

ಕೋವಿಡ್ ಕಾಲದಲ್ಲಿ ಫ್ಲೂ ಮಾಯವಾದದ್ದು ಹಲವರಿಗೆ ಅನುಮಾನ ತಂದಿತು. ಎರಡೂ ಬೇರೆ ವೈರಾಣುಗಳು, ಅವುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆಗಳೂ ಬೇರೆ. ನ್ಯೂಜಿಲೆಂಡಿನ ಉದಾಹರಣೆ ಇಲ್ಲಿ ವಿಶೇಷವಾಗಿ ಉಪಯುಕ್ತ, ಏಕೆಂದರೆ 2020ರಲ್ಲಿ ಅಲ್ಲಿ ಕೋವಿಡ್ ಪ್ರಕರಣಗಳೂ ಬಹಳ ಕಡಿಮೆ ಇದ್ದವು. ಹೆಸರು ಬದಲಿಸಿ ಬಚ್ಚಿಡಲು ಅಲ್ಲಿ ಜಾಗವೇ ಇರಲಿಲ್ಲ. ಫ್ಲೂ ಪರೀಕ್ಷೆ ನಿಲ್ಲದೆ ನಡೆಯಿತು. ಆದರೂ ಹಿಂದಿನ ಐದು ವರ್ಷಗಳ ಸರಾಸರಿಗೆ ಹೋಲಿಸಿದರೆ ಫ್ಲೂ ಶೇ 99.9ರಷ್ಟು ಇಳಿಯಿತು. ಗಡಿ ಮುಚ್ಚಿದ್ದು, ಜನ ಮನೆಯಲ್ಲೇ ಉಳಿದದ್ದು ವೈರಾಣು ಒಳಬಂದು ಹರಡುವ ದಾರಿಯನ್ನೇ ಕಡಿದಿತ್ತು. 2022ರಲ್ಲಿ ಗಡಿ ತೆರೆಯತೊಡಗಿತು. ಆ ವರ್ಷದ ಚಳಿಗಾಲದಲ್ಲೇ ಅಲ್ಲಿನ ಆಸ್ಪತ್ರೆ, ಕ್ಲಿನಿಕ್ಕುಗಳ ಪರೀಕ್ಷೆಗಳಲ್ಲಿ ಫ್ಲೂ ಮತ್ತೆ ಕಾಣಿಸಿಕೊಂಡಿತು.